ಒಲ್ಲೆ ಅಂದವಳು

"ಅತ್ತಿಗೆ ಒಂದು ಸಲ ಹೂಂ ಅಂದಿದ್ರೆ ಸಾಕಿತ್ತು, ಅಣ್ಣ ಯಾವತ್ತೋ ಊರಿಗೆ ಬಂದುಬಿಟ್ಟಿರ್ತಿದ್ದ."

ಅಡುಗೆಮನೆಯಲ್ಲಿ ಮೈದುನ ಹೇಳುತ್ತಿದ್ದದ್ದು ಟ್ಯಾಕ್ಸಿಯವನಿಗೆ. ಆದರೆ ಆ ಮನೆಯ ಗೋಡೆಗಳು ಹೆಸರಿಗಷ್ಟೇ ಗೋಡೆ. ಈಚೆ ಕೋಣೆಯಲ್ಲಿ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳ ಕೈ ಕಾಲರಿನ ಮೇಲೆ ನಿಂತುಬಿಟ್ಟಿತು. ಅಂಗಿ ಬೇಗ ಕಳಿಸಿಕೊಡಿ, ನಾವೇ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸುತ್ತೇವೆ ಎಂದು ಚಿತಾಗಾರದವರು ಆಗಲೇ ಎರಡು ಸಲ ಫೋನು ಮಾಡಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಡವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ಮನುಷ್ಯ ಮನೆಗೆ ಬಂದರೆ ತನ್ನ ಅಂಗಿಯನ್ನು ಮುದ್ದೆ ಮಾಡಿ ಕುರ್ಚಿಗೆ ಎಸೆಯುತ್ತಿದ್ದ.

"ಅಕ್ಕ ಬೇಡ ಅಂದ್ರಾ?" ಟ್ಯಾಕ್ಸಿಯವನ ದನಿಯಲ್ಲಿ ಅನುಮಾನ. ಈ ಪರದೇಶದಲ್ಲಿ, ಇಡೀ ಕಟ್ಟಡಕ್ಕೆ ತಮ್ಮ ಭಾಷೆ ಆಡುವವನು ಕೆಳಮನೆಯ ಅವನೊಬ್ಬನೇ. "ನಂಗೆ ಹಾಗನ್ನಿಸಲ್ಲಪ್ಪ. ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಊರು ಊರು ಅಂತ ನನ್ನ ತಲೆ ತಿಂದಿದಾರೆ."

"ಬಾಯಲ್ಲಿ ಊರು, ಅಷ್ಟೇ. ಅಣ್ಣ ಫೋನಲ್ಲಿ ಎಷ್ಟು ಗೋಳಾಡಿದಾನೆ ಗೊತ್ತಾ? ನಾನು ಅಮ್ಮನ ಪಕ್ಕದಲ್ಲೇ ಇರ್ತಿದ್ದೆ. ಏನ್ಮಾಡ್ಲಮ್ಮ, ನಾನು ಹೊರಟು ನಿಂತಿದೀನಿ, ಅವಳು ಒಲ್ಲೆ ಅಂತಾಳೆ, ಇಲ್ಲಿನ ಗಾಳಿ ಹಿಡಿದುಬಿಟ್ಟಿದೆ ಅವಳಿಗೆ ಅಂತ. ಅದಕ್ಕೇ ಅಮ್ಮ ಒಂದೇ ಮಾತು ಕೇಳ್ಕೊಂಡು ಬಾ ಅಂದಿದಾಳೆ, ನನ್ನ ಮಗನ್ನ ಯಾಕೆ ಬಿಡಲಿಲ್ಲ ಅಂತ. ಸರಿಯಾದ ಉತ್ತರ ಸಿಕ್ಕಿದ್ರೆ ಅತ್ತಿಗೇನ ಜೊತೇಲೇ ಕರ್ಕೊಂಡು ಹೋಗ್ತೀನಿ. ಇಲ್ದಿದ್ರೆ ಅಮ್ಮ ಹೊಸಿಲು ದಾಟೋಕೆ ಬಿಡಲ್ಲ."

ಸುಟ್ಟ ವಾಸನೆ ಬಂತು. ಗಡಬಡಿಸಿ ಇಸ್ತ್ರಿಪೆಟ್ಟಿಗೆ ಎತ್ತಿದಳು. ಕಾಲರಿನ ಹಿಂಬದಿ ಬೆರಳಗಲ ಕಂದಿತ್ತು. ಹೋಗಲಿ, ಮಲಗಿದವರ ಕುತ್ತಿಗೆಯ ಹಿಂದೆ ಯಾರು ನೋಡುತ್ತಾರೆ ಅಂದುಕೊಂಡು ಮಡಿಸಿದಳು.

*

ಬಂದ ಹೊಸದರಲ್ಲಿ ಮನೆಗೆ ಫೋನಿರಲಿಲ್ಲ. ಭಾನುವಾರ ಮಧ್ಯಾಹ್ನ ಬೀದಿ ಮೂಲೆಯ ಗಾಜಿನ ಗೂಡಿಗೆ ಇಬ್ಬರೂ ಹೋಗುತ್ತಿದ್ದರು. ಒಳಗೆ ಒಬ್ಬರಿಗಷ್ಟೇ ಜಾಗ. ಅವನು ಬಾಗಿಲೆಳೆದುಕೊಂಡು ತಾಯಿಯ ಹತ್ತಿರ ಮಾತಾಡುತ್ತಿದ್ದ. ಅವಳು ಹೊರಗೆ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು, ಚಳಿಗೆ ಕಾಲು ಬದಲಿಸುತ್ತ, ಅವನ ತುಟಿಗಳನ್ನೇ ನೋಡುತ್ತ ನಿಂತಿರುತ್ತಿದ್ದಳು. ಹೊರಗೆ ಬಂದವನ ಕಣ್ಣು ಕೆಂಪಾಗಿರುತ್ತಿತ್ತು.

"ಏನಂದ್ರು ರೀ ಅತ್ತೆ?"

"ಇನ್ನೆರಡು ವರ್ಷ ಅಲ್ಲೇ ಇರಿ ಅಂತಾಳೆ ಕಣೇ. ಈಗ ಬಂದ್ರೆ ಕೆಲಸಾನೂ ಇಲ್ಲ, ಇರೋಕೆ ಜಾಗಾನೂ ಇಲ್ಲ ಅಂತ."

ಅವಳಿಗೆ ಆಗ ಈ ಊರು ಕಣ್ಣಿಗೂ ಒಗ್ಗಿರಲಿಲ್ಲ, ನಾಲಿಗೆಗೂ ಒಗ್ಗಿರಲಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಜೊತೆಯ ಹೆಂಗಸರು ನಕ್ಕರೆ ತನ್ನನ್ನು ನೋಡಿಯೇ ನಕ್ಕರೋ ಏನೋ ಎಂಬ ಗುಮಾನಿ. ಬಸ್ಸಿನಲ್ಲಿ ಇಳಿಯುವ ಗುಂಡಿ ಒತ್ತಲು ನಾಚಿಕೊಂಡು, ಬೇರೆ ಯಾರಾದರೂ ಒತ್ತಿದ ಕಡೆ ತಾನೂ ಇಳಿದು, ಉಳಿದ ದಾರಿ ನಡೆದೇ ಬರುತ್ತಿದ್ದಳು. ಬಂದರೆ ಅವನು ಮಂಚದ ಅಂಚಿಗೆ ಕೂತು ಬೂಟು ಬಿಚ್ಚುತ್ತ ನಿಟ್ಟುಸಿರು ಬಿಡುತ್ತಿರುತ್ತಿದ್ದ. ಹೆತ್ತ ತಾಯಿಯೇ ಬರಬೇಡ ಅಂದವನ ಎದುರಿಗೆ ಊರು ಅಂತ ಹೇಗೆ ಅಳುವುದು? ಅಳು ನುಂಗಿ ಅನ್ನ ಬಿಸಿ ಮಾಡುತ್ತಿದ್ದಳು. ಊರಿನ ಮಾತೇನಿದ್ದರೂ ಮೆಟ್ಟಿಲ ಮೇಲೆ, ಟ್ಯಾಕ್ಸಿಯವನ ಹತ್ತಿರ.

ಎರಡು ವರ್ಷ ಮುಗಿದರೆ ಇನ್ನೆರಡು. ಅದು ಮುಗಿದರೆ ಮತ್ತೆರಡು.

*

ಚಿತಾಗಾರದ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಗೊಂದು ಕಾಫಿ ಮಷೀನು. ಲಾಂಡ್ರಿಯ ಮೇಲ್ವಿಚಾರಕಿ, ದಪ್ಪ ಹೆಂಗಸು, ಕೆಲಸದ ಕೋಟಿನಲ್ಲೇ ಓಡಿ ಬಂದಿದ್ದಳು. ಇವಳ ಎರಡೂ ಕೈ ಹಿಡಿದುಕೊಂಡು ಮೂಗು ಒರೆಸುತ್ತ, ನಗುತ್ತ, ಇಲ್ಲಿಯ ಭಾಷೆಯಲ್ಲಿ ಒಂದೇ ಸಮನೆ ಮಾತಾಡಿದಳು.

ಅವನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. 'ಸಿಳ್ಳೆ' ಅನ್ನುತ್ತಿದ್ದರಂತೆ. ಬೆಳಗ್ಗೆ ಬಾಗಿಲಲ್ಲಿ ಶುರುವಾದರೆ ಸಂಜೆ ಕೋಟು ಬಿಚ್ಚಿಡುವವರೆಗೂ ಮಷೀನುಗಳ ಗದ್ದಲ ಮೀರಿ ಸಿಳ್ಳೆಯೇ ಸಿಳ್ಳೆ. ಊರಿಗೆ ಯಾವಾಗ ಓಡಿಹೋಗ್ತೀಯಪ್ಪ ಎಂದು ಕೀಟಲೆ ಮಾಡಿದರೆ, ಅಲ್ಲಿ ನಾನು ಯಾರದೋ ಮಗ, ಯಾರದೋ ಅಣ್ಣ. ಇಲ್ಲಿ ನಾನು ನಾನೇ, ಹಗ್ಗ ಕಟ್ಟಿ ಎಳೆದರೂ ಹೋಗಲ್ಲ ಅನ್ನುತ್ತಿದ್ದನಂತೆ.

ಮನೆಯಲ್ಲಿ ಒಂದು ದಿನವೂ ಅವನ ಸಿಳ್ಳೆ ಕೇಳಿರಲಿಲ್ಲ ಅವಳು. ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ಕೆನ್ನೆಗೆ ಎರಡು ಬಾರಿಸಿ ಬರೋಣ ಅನ್ನಿಸಿತು. ಹಿಂದೆಯೇ, ಹೇಗಿತ್ತು ಆ ಸಿಳ್ಳೆ ಅಂತ ಕೇಳಬೇಕೆನ್ನಿಸಿತು. ಕೇಳಿಯೂ ಬಿಟ್ಟಳು. ಆ ಹೆಂಗಸು ತುಟಿ ಸೊಟ್ಟ ಮಾಡಿ ಒಂದೆಳೆ ಸಿಳ್ಳೆ ಹಾಕಿದಳು. ಅರ್ಧಕ್ಕೇ ದುಃಖ ಒತ್ತಿ ಬಂದು ಉಸಿರಷ್ಟೇ ಉಳಿಯಿತು.

ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. "ಏನತ್ತಿಗೆ ಇದು, ಸಾವಿನ ಹೊತ್ತಲ್ಲಿ ಸಿಳ್ಳೆ? ಏನಂತೆ ಆಕೇದು?"

ಎಲ್ಲ ಕೇಳಿಸಿಕೊಂಡಿದ್ದ ಟ್ಯಾಕ್ಸಿಯವನ ಮುಖ ಅರಳಿತು. "ಅಕ್ಕ, ನಾನೇ ಹೇಳ್ಲಾ? ಒಂದೇ ಮಾತಲ್ಲಿ ಮುಗಿಸ್ತೀನಿ."

"ನೀನು ಸುಮ್ನಿರು. ನಂಗೂ ಬರುತ್ತೆ ಇವರ ಭಾಷೆ."

ಮೈದುನನ ಕಡೆ ತಿರುಗಿದಳು. ಅಣ್ಣನ ಸ್ವೆಟರು ಹಾಕಿಕೊಂಡಿದ್ದ, ತೋಳು ಗಿಡ್ಡ. ನಿದ್ದೆಯಿಲ್ಲದ ಕಣ್ಣು. ಇವನು ಒಯ್ಯುವ ಉತ್ತರಕ್ಕೆ ಅಲ್ಲೊಬ್ಬಳು ಮುದುಕಿ ಕಾಯುತ್ತ ಕೂತಿದ್ದಾಳೆ. ಹಗ್ಗ ಕಟ್ಟಿ ಎಳೆದರೂ ಬರುತ್ತಿರಲಿಲ್ಲ ನಿನ್ನ ಮಗ ಅಂತ ಅವಳಿಗೆ ಯಾವ ಬಾಯಲ್ಲಿ ಹೇಳುವುದು?

"ನಿಮ್ಮಣ್ಣ ದಿನಾ ಅಮ್ಮನ್ನ ನೆನೆಸ್ಕೊಳ್ತಿದ್ರಂತೆ ಕಣಪ್ಪ. ಊರಿಗೆ ಹೋಗ್ಬೇಕು ಅಂತ ಒದ್ದಾಡ್ತಿದ್ರಂತೆ."

ಮೈದುನ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡ. "ಮತ್ಯಾಕತ್ತಿಗೆ ನೀವು..."

"ನಂಗೆ ಇಲ್ಲಿನ ಗಾಳಿ ಹಿಡಿದಿತ್ತು."

"ಅಕ್ಕಾ!" ಅಂದ ಟ್ಯಾಕ್ಸಿಯವನು.

"ನಿನ್ನ ಕಾಫಿ ಆರುತ್ತೆ, ಕುಡಿ."

"ಅಮ್ಮಂಗೆ ಇದನ್ನೇ ಹೇಳ್ಬೇಕಾ ನಾನು?" ಮೈದುನ ಕೇಳಿದ.

"ಇದನ್ನೇ ಹೇಳು. ಮಗ ಹೊರಟು ನಿಂತಿದ್ದ, ಸೊಸೆ ಬಿಡಲಿಲ್ಲ ಅಂತ."

ಒಳಗಿಂದ ಕರೆ ಬರಲು ಇನ್ನೂ ಹೊತ್ತಿತ್ತು. ಅವನು ಬಾಗಿಲು ನೂಕಿಕೊಂಡು ಹೊರಟ. ಅವಳು ಸೆರಗು ಹೊದ್ದುಕೊಂಡು ಹಿಂದೆಯೇ ನಡೆದಳು. ರಸ್ತೆಯ ಅಂಚಿನಲ್ಲಿ ಅವನು ಊರಿನ ರೂಢಿಯಂತೆ ಬಲಕ್ಕೆ ನೋಡಿದ. ಖಾಲಿಯಿತ್ತು, ದಡದಡನೆ ಇಳಿದ. ಇಲ್ಲಿಯ ರೂಢಿಯಂತೆ ಎಡಗಡೆಯಿಂದ ಲಾರಿ ಬರುತ್ತಿತ್ತು. ಅವಳ ಕೈ ಸ್ವೆಟರಿನ ತೋಳು ಹಿಡಿದು ಹಿಂದಕ್ಕೆ ಎಳೆಯಿತು. ಲಾರಿ ಅರಚಿಕೊಂಡು ಹಾದುಹೋಯಿತು. ಅವನು ಬೆಪ್ಪಾಗಿ ನಿಂತ. ಅವಳು ಎಡಕ್ಕೆ ನೋಡಿದಳು, ಆಮೇಲೆ ಬಲಕ್ಕೆ ನೋಡಿದಳು, ತೋಳು ಬಿಡದೆ ಅವನನ್ನು ಆಚೆ ಬದಿಗೆ ದಾಟಿಸಿದಳು.