ನಾಳೆ ಬರುವ ಗಿರಾಕಿಗಳು

ತೀರಿಕೊಂಡ ಮುದುಕನ ಬೆರಳ ಸಂದಿಯಿಂದ ಬಣ್ಣ ಊದುವ ಏರ್‌ಬ್ರಷ್ಷನ್ನು ಬಿಡಿಸಿ ತೆಗೆದು, ಶವಸಂಸ್ಕಾರದ ಕಂಪನಿಯವನು ಅದನ್ನು ಮಗಳು ಫುಮಿಯೆಯ ಕೈಗಿಟ್ಟ.

"ಲೋಹ ಹಾಕೋ ಹಾಗಿಲ್ಲಮ್ಮ. ಒಲೆ ಕೆಡುತ್ತೆ ಅಂತ ಚಿತಾಗಾರದವರು ಪೆಟ್ಟಿಗೇನೇ ವಾಪಸ್ ಕಳಿಸ್ತಾರೆ."

"ಹಾಗಿದ್ರೆ ಈ ವಿಮಾನದ ಕಿಟ್?"

"ಪ್ಲಾಸ್ಟಿಕ್ಕೂ ಇಲ್ಲ. ಬಟ್ಟೆ, ಕಾಗದ, ಹೂವು ಅಷ್ಟೇ. ಹತ್ತು ನಿಮಿಷದಲ್ಲಿ ಮುಚ್ಚಳ ಹಾಕ್ಬೇಕು, ಗಾಡಿ ಬಂದಾಯ್ತು."

ಐವತ್ತು ವರ್ಷ ಲೋಹ, ಪ್ಲಾಸ್ಟಿಕ್ಕು ಬಿಟ್ಟು ಬೇರೇನೂ ಮುಟ್ಟದ ಮನುಷ್ಯ ಉಷಿಯಾಮ. ಜಪಾನಿನ ಶಿಮಿಜು ಬಂದರಿನ ಹಿಂದಿನ ಬೀದಿಯಲ್ಲಿ, ಜೋಡಿಸಿ ಬಣ್ಣ ಹಚ್ಚುವ ಮಾದರಿ ಹಡಗು, ವಿಮಾನಗಳ ಕಿಟ್ ಮಾರುತ್ತಿದ್ದ. ಮೇಲಿನ ಮನೆಯ ಮೆಟ್ಟಿಲು ಕಡಿದಾಗಿದ್ದರಿಂದ ಅವನ ಶವಪೆಟ್ಟಿಗೆಯನ್ನು ಕೆಳಗೆ, ಎರಡು ವರ್ಷದಿಂದ ಬಾಗಿಲು ಹಾಕಿದ್ದ ಅಂಗಡಿಯಲ್ಲೇ ಇಟ್ಟಿದ್ದರು. ಕಪ್ಪು ಸೂಟು ತೊಟ್ಟ ಮೂವತ್ತು ಹಳೇ ಗಿರಾಕಿಗಳು ಖಾಲಿ ಕಪಾಟುಗಳ ನಡುವೆ ಒತ್ತಿಕೊಂಡು ನಿಂತಿದ್ದರು. ಅಂಗಡಿ ನಡೆಯುತ್ತಿದ್ದಾಗ ಒಂದೇ ದಿನ ಇಷ್ಟು ಜನ ಬಂದದ್ದೇ ಇಲ್ಲ.

"ಬರಿಗೈಲಿ ಕಳಿಸ್ಬೇಕಾ ಅಪ್ಪನ್ನ?" ಫುಮಿಯೆ ಎಲ್ಲರ ಕಡೆ ತಿರುಗಿದಳು. ನಿದ್ದೆಗೆಟ್ಟ ಮುಖ. ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದ ನೆಗೊರೊನ ಮೇಲೆ ಅವಳ ಕಣ್ಣು ನಿಂತಿತು. "ನೆಗೊರೊ ಮಾಮ, ನಿಮ್ಮ ಏರ್‌ಬ್ರಷ್ ಎಲ್ಲಿ ತಗೊಂಡಿದ್ದು?"

ನೆಗೊರೊ ನೆಲ ನೋಡಿದ. "ಗೊತ್ತಿದ್ದೂ ಕೇಳ್ತೀಯಲ್ಲ ತಾಯಿ."

* * *

ಆರು ವರ್ಷದ ಹಿಂದೆ ನೆಗೊರೊ ಇದೇ ಅಂಗಡಿಯ ಕೌಂಟರ್ ಮುಂದೆ ನಿಂತು, "ಕಡಿಮೆ ಬೆಲೆಯ ಏರ್‌ಬ್ರಷ್ ಕೊಡಿ ಯಜಮಾನ್ರೇ, ಪಿಂಚಣಿ ಗಿರಾಕಿ ನಾನು," ಅಂದಿದ್ದ.

"ಕಡಿಮೆದೇ ತಗೋ. ನಿನ್ನ ಕೈಗೆ ದುಬಾರಿದು ಯಾಕೆ ದಂಡ? ಒಳಗಿನ ಸೂಜಿ ಮಾತ್ರ ನೆಟ್ಟಗಿರ್ಬೇಕು, ಬದಲಿ ಸೂಜಿ ಸಿಗ್ಬೇಕು. ಎಲ್ಲಿ, ಬಣ್ಣ ಕಲಸಿ ಊದು, ನೋಡೋಣ."

ಉಷಿಯಾಮ ಒಂದು ಹಾಳೆ ಮುಂದಿಟ್ಟ. ನೆಗೊರೊ ಗುಂಡಿ ಒತ್ತಿದ. ನೀಲಿ ಬಣ್ಣ ಜೇಡದ ಹಾಗೆ ಎಲ್ಲ ಕಡೆ ಕಾಲು ಚಾಚಿತು.

"ನೀರು ಮಾಡ್ಬಿಟ್ಟೆಯಲ್ಲೋ! ಹಾಲಿನಷ್ಟಾದ್ರೂ ಗಟ್ಟಿ ಇರ್ಲಿ. ಬೆರಳು ಮೊದಲು ಕೆಳಗೆ ಒತ್ತು, ಗಾಳಿ ಬರುತ್ತೆ. ಆಮೇಲೆ ಹಿಂದಕ್ಕೆ ಎಳಿ, ಬಣ್ಣ. ಕ್ರೇನ್ ಹೆಂಗೆ ಓಡಿಸ್ತಿದ್ಯೋ, ಬಂದರು ಮುಳುಗ್ಲಿಲ್ಲ ಸದ್ಯ!"

ಒಂದು ಗಂಟೆ ಕಲಿಸಿದ. ನೆಗೊರೊ, "ನಾಳೆ ಬಂದು ತಗೊಂಡು ಹೋಗ್ತೀನಿ," ಅಂದ. ಉಷಿಯಾಮ ಹಾಳೆಯ ಮೇಲೆ ಏನೋ ಗೀಚಿ ಕೌಂಟರಿನ ಕೆಳಗೆ ತುರುಕಿದ. ನೆಗೊರೊ ಮನೆಗೆ ಹೋಗಿ ಫೋನಿನಲ್ಲೇ ಇನ್ನೂ ಅಗ್ಗದ್ದೊಂದನ್ನು ತರಿಸಿದ. ತಿಂಗಳೊಳಗೆ ಅದರ ಸೂಜಿ ಬಾಗಿತು, ಬದಲಿ ಸಿಗಲಿಲ್ಲ. ನಾಚಿಕೆ ಬಿಟ್ಟು ಇಲ್ಲಿಗೇ ತಂದ. ಎಲ್ಲಿಯದು ಅಂತ ಉಷಿಯಾಮ ಕೇಳಲಿಲ್ಲ. ಸೂಜಿಯನ್ನು ಕಲ್ಲಿನ ಮೇಲೆ ಉರುಳಿಸಿ ನೆಟ್ಟಗೆ ಮಾಡಿ, ಟೀ ಕುಡಿಸಿ ಕಳಿಸಿದ.

* * *

"ಕಾಗದ ಆಗುತ್ತೆ ಅಂದ್ರಲ್ಲ," ನೆಗೊರೊ ಕಂಪನಿಯವನನ್ನು ಕೇಳಿದ. "ಬಣ್ಣ ಒಣಗಿರೋ ಕಾಗದ?"

"ಒಂದೆರಡು ಹಾಳೆ ಆಗುತ್ತೆ. ದಪ್ಪ ಕಟ್ಟು ಬೇಡ, ಸರಿಯಾಗಿ ಉರಿಯಲ್ಲ."

ನೆಗೊರೊ ಕೌಂಟರಿನ ಕೆಳಗೆ ಕೈ ಹಾಕಿ ಎಳೆದ. ಧೂಳು ಹಿಡಿದ ದೊಡ್ಡ ಕಟ್ಟೊಂದು ಹೊರಬಂತು. ಹಾಳೆ ಹಾಳೆಯಲ್ಲೂ ಬಣ್ಣದ ಜೇಡಗಳು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಉಷಿಯಾಮನ ಅಕ್ಷರ. ಫುಮಿಯೆ ಕಿತ್ತುಕೊಂಡು ಓದಿದಳು.

"'ನೆಗೊರೊ. ನಾಳೆ ಬರ್ತಾನಂತೆ.' 'ಹಿರಾಗಾ. ಸಂಬಳ ಆದ್ಮೇಲೆ ಬರ್ತಾನಂತೆ.' 'ಸಕುಮಾ. ಹೆಂಡ್ತೀನ ಕೇಳ್ಕೊಂಡು ಬರ್ತಾನಂತೆ.'"

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

"ನಗ್ರಿ, ನಗ್ರಿ! ಈ ಸುಳ್ಳುಗಳನ್ನ ಕೈಗೆ ಕೊಟ್ಟು ಕಳಿಸ್ಲಾ? ಒಬ್ಬರಾದ್ರೂ ಬಂದ್ರೇನ್ರೀ?"

ಸಿಟ್ಟಿನಲ್ಲೇ ಮಗುಚುತ್ತ ಹೋದವಳ ಕೈ ಕಟ್ಟಿನ ತಳದಲ್ಲಿ ನಿಂತಿತು. ಹಳದಿಗಟ್ಟಿದ ಹಾಳೆ, ಅದರ ತುಂಬ ಒಂದೇ ಕೆಂಪು ಜೇಡ. ಇದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ನೆಗೊರೊ ಅವಳ ಭುಜದ ಮೇಲಿಂದ ನೋಡಿದ: 'ಫುಮಿಯೆ, ಏಳು ವರ್ಷ. ನಾಳೆ ಕಲಿಯೋಕೆ ಬರ್ತಾಳಂತೆ.'

"ಬಂದ್ಯಾ?" ಮೆಲ್ಲಗೆ ಕೇಳಿದ.

"ಥಿನ್ನರ್ ವಾಸನೆಗೆ ತಲೆನೋವು ಬರ್ತಿತ್ತು, ಮಾಮ."

"ಅಮ್ಮಾ, ಹೊತ್ತಾಯ್ತು," ಕಂಪನಿಯವನು ಮುಚ್ಚಳ ಎತ್ತಿಕೊಂಡ.

ಫುಮಿಯೆ ನೆಗೊರೊನ ಹಾಳೆಯನ್ನು ತನ್ನದರ ಮೇಲಿಟ್ಟು, ಎರಡನ್ನೂ ಸೇರಿಸಿ ಬಿಗಿಯಾಗಿ ಸುರುಳಿ ಸುತ್ತಿ ಅಪ್ಪನ ಬಲಗೈಗೆ ತೂರಿಸಿದಳು. ವರ್ಷಗಟ್ಟಲೆ ಗುಂಡಿ ಒತ್ತಿ ಸೊಟ್ಟಗಾಗಿದ್ದ ತೋರುಬೆರಳು ಸುರುಳಿಯ ಮೇಲೆ ಬಂದು ಕೂತಿತು, ಮೊದಲು ಗಾಳಿ ಬಿಡಬೇಕು ಎನ್ನುವ ಹಾಗೆ.