ತಂತಾನೇ ಏಳುವ ಬಾಗಿಲು

ಮಧ್ಯಾಹ್ನದ ಊಟ ಮುಗಿದು ಬೀದಿಯಲ್ಲಿ ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ ಗ್ಯಾರೇಜಿನ ಬಾಗಿಲು ತಂತಾನೇ ಎದ್ದಿತು.

ಆ ಗ್ಯಾರೇಜಿನಲ್ಲೇ ಸೋಫಾ, ಕುರ್ಚಿ ರಿಪೇರಿ ಮಾಡಿ ಬೀದಿಯವರ ಬಾಯಲ್ಲಿ ಕುಶನ್ ಅಕ್ಕ ಆಗಿದ್ದವಳು ಆಗ ಒಂದು ಹಳೆಯ ಕುರ್ಚಿಯ ಹೊಟ್ಟೆ ಬಗೆದು, ಒಳಗಿನ ಸ್ಪ್ರಿಂಗುಗಳಿಗೆ ದಾರ ಬಿಗಿಯುತ್ತ ಮಂಡಿಯೂರಿ ಕುಳಿತಿದ್ದಳು. ಬಾಯಲ್ಲಿ ಡೊಂಕು ಸೂಜಿ. ತಲೆಯ ಮೇಲೆ ಮೋಟಾರು ಗುರ್ರೆಂದಿತು, ಚೈನು ಕಟಕಟಿಸಿತು. ಬಾಗಿಲಿನ ಅಡಿಯಿಂದ ಬಿಸಿಲು ತೆವಳಿಕೊಂಡು ಬಂದು ಅವಳ ಮಂಡಿ ಮುಟ್ಟಿತು, ಮಡಿಲು ಹತ್ತಿತು. ಚಿಕ್ಕಮ್ಮ ಬಟನ್ ಒತ್ತಿರಬೇಕು ಎಂದುಕೊಂಡಳು. ಆದರೆ ಒಳಕೋಣೆಯಿಂದ ಚಿಕ್ಕಮ್ಮನ ಗೊರಕೆ ಕೇಳಿಸುತ್ತಲೇ ಇತ್ತು.

ಹೊರಗೆ ಯಾರೂ ಇರಲಿಲ್ಲ. ಎದುರಿನ ಟೈರ್ ಅಂಗಡಿ, ಅದರ ಮುಂದೆ ಪೇರಿಸಿಟ್ಟ ಟೈರುಗಳು, ಒಂದು ನಾಯಿ. ಬಾಗಿಲು ಪೂರ್ತಿ ಮೇಲೇರಿ, ಆಕಳಿಸಿದಂತೆ ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಏನೂ ಆಗಿಲ್ಲವೆಂಬಂತೆ ಇಳಿದು ಮುಚ್ಚಿಕೊಂಡಿತು. ಬಾಯಿಂದ ಸೂಜಿ ತೆಗೆದಾಗ ತುಟಿಯಲ್ಲಿ ರಕ್ತ. ಯಾವಾಗ ಕಚ್ಚಿಕೊಂಡೆನೆಂಬುದೇ ಅವಳಿಗೆ ತಿಳಿಯಲಿಲ್ಲ.

ಯಾರು ತೆರೆದದ್ದೆಂದು ಮಾತ್ರ ಚೆನ್ನಾಗಿ ತಿಳಿದಿತ್ತು.

ಆ ಮೋಟಾರು ಹಾಕಿಸಿದವನು ಅವಳ ಗಂಡ. ಮದುವೆಯಾದ ಹೊಸದು. ಫೋನಿನಲ್ಲಿ ಬೆರಳಾಡಿಸಿದರೆ ಎಲ್ಲಿಂದ ಬೇಕಾದರೂ ತೆರೆಯುವ ಬಾಗಿಲು. "ನಾನು ಎಲ್ಲೇ ಇರಲಿ, ನೀನು ಬಂದ್ಯಾ, ಹೋದ್ಯಾ, ಎಲ್ಲಾ ಗೊತ್ತಾಗತ್ತೆ" ಎಂದು ಹೆಮ್ಮೆಯಿಂದ ಹೇಳಿದ್ದ. ಅದನ್ನು ಅವಳು ಪ್ರೀತಿಯೆಂದು ತಿಳಿದಿದ್ದಳು. ಆ ಪ್ರೀತಿ ಹೋಗ್ತಾ ಹೋಗ್ತಾ ಕೈ ಎತ್ತುವುದಕ್ಕೆ ಬಂತು. ಕೊನೆಗೆ ಅವನು ಈ ಮನೆಯ ಹತ್ತಿರ ಸುಳಿಯಕೂಡದೆಂದು ಕೋರ್ಟು ಆಜ್ಞೆ ಮಾಡಿತು. ಅವನು ಆಜ್ಞೆ ಮೀರಲಿಲ್ಲ. ಸುಳಿಯಲಿಲ್ಲ. ಎಲ್ಲೋ ಕುಳಿತು ಬಾಗಿಲು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಅಷ್ಟೇ. ಪಾಸ್‌ವರ್ಡ್ ಬದಲಿಸೋಣವೆಂದರೆ ಎಲ್ಲವೂ ಅವನ ಹೆಸರಿನಲ್ಲಿತ್ತು. ಮನೆ ಅವಳದು, ಬಾಗಿಲಿನ ಬುದ್ಧಿ ಅವನದು.

ಠಾಣೆಗೆ ಹೋದಳು. ಅಲ್ಲಿನ ಪೊಲೀಸಿನವನು ಕೆಟ್ಟವನೇನಲ್ಲ, ಕುಳಿತುಕೊಳ್ಳಿ ಅಂದ, ಪೂರ್ತಿ ಕೇಳಿಸಿಕೊಂಡ. ಆಮೇಲೆ ತಲೆ ಕೆರೆದುಕೊಂಡ.

"ಬಾಗಿಲು ತೆಗೀತು, ಮುಚ್ಕೊಳ್ತು. ಒಳಗೆ ಯಾರೂ ಬರ್ಲಿಲ್ಲ. ಏನಂತ ಬರ್ಕೊಳ್ಳೋದು ಹೇಳಿ?"

ಮನೆಗೆ ಬಂದವಳೇ ಇಂಟರ್‌ನೆಟ್ಟಿನ ಡಬ್ಬಿಯ ವೈರು ಕಿತ್ತು, ಡಬ್ಬಿಯನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಹುಗಿದಿಟ್ಟಳು.

"ಅದನ್ನ ಯಾಕೆ ಬಟ್ಟೆ ಕೆಳಗೆ ಬೆಚ್ಚಗೆ ಇಟ್ಟೆ, ಮೊಟ್ಟೆ ಇಡುತ್ತೇನು?" ಅಂದಳು ಚಿಕ್ಕಮ್ಮ. ಅಮ್ಮನ ತಂಗಿ. ಗಂಡ ಮನೆಯಿಂದ ಹೊರಬಿದ್ದ ವಾರವೇ ಒಂದು ಚೀಲ ಹಿಡಿದು, ಯಾರ ಅಪ್ಪಣೆಯನ್ನೂ ಕೇಳದೆ ಬಂದು ನೆಲೆಸಿದವಳು. ಕಿವಿ ಸ್ವಲ್ಪ ಮಂದ, ನಾಲಿಗೆ ಬಲು ಚುರುಕು. ಕುಶನ್ ಅಕ್ಕನಿಗೆ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತೋ.

ಕೆಲವು ದಿನ ಬಾಗಿಲು ಸುಮ್ಮನಿತ್ತು. ಆ ಸುಮ್ಮನೆ ಇರುವುದೇ ಅವಳ ಎದೆಯ ಮೇಲೆ ಕುಳಿತಿತ್ತು. ಕತ್ತರಿ ಹಿಡಿದರೆ ಕಿವಿ ಬಾಗಿಲ ಕಡೆ, ಮೊಳೆ ಹೊಡೆದರೆ ಕಣ್ಣು ಬಾಗಿಲ ಕಡೆ.

ಆಮೇಲೊಂದು ಬೆಳಿಗ್ಗೆ ತಂತಿ ಬಂತು.

ಬಾಗಿಲಿನ ಮೇಲಂಚಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅದು ಮೊದಲು ಜಿರಳೆಯ ಮೀಸೆಯಷ್ಟೇ ಕಂಡಿತು. ನಂತರ ಉದ್ದವಾಯಿತು. ತುದಿ ಕೊಕ್ಕೆಯಂತೆ ಬಾಗಿತ್ತು. ಅತ್ತ ತಡವಿತು, ಇತ್ತ ತಡವಿತು. ಅವಳಿಗೆ ಒಮ್ಮೆಗೇ ಅರ್ಥವಾಯಿತು: ಅದು ಹುಡುಕುತ್ತಿರುವುದು ಮೋಟಾರಿನ ಕಂಬಿಯಿಂದ ತೂಗುವ ಕೆಂಪು ಹಗ್ಗವನ್ನು. ಕರೆಂಟು ಹೋದಾಗ ಅದನ್ನು ಎಳೆದರೆ ಬಾಗಿಲು ಮೋಟಾರಿನಿಂದ ಬಿಡಿಸಿಕೊಳ್ಳುತ್ತದೆ, ಕೈಯಿಂದ ಎತ್ತಬಹುದು. ಹೊರಗಿನಿಂದ ತಂತಿ ಹಾಕಿಯೂ ಎಳೆಯಬಹುದೆಂದು ಹಿಂದೊಮ್ಮೆ ಅವನೇ ತಮಾಷೆಗೆ ತೋರಿಸಿದ್ದ.

ಕೂಗಬೇಕು. ಕೂಗಲಿಲ್ಲ. ಓಡಬೇಕು. ಓಡಲಿಲ್ಲ. ಕೈಯಲ್ಲಿ ದೊಡ್ಡ ಕತ್ತರಿ ಇದ್ದರೂ ಅದು ಇದೆಯೆಂಬುದೇ ನೆನಪಿಗೆ ಬರಲಿಲ್ಲ. ಕೊಕ್ಕೆ ಹಗ್ಗಕ್ಕೆ ತಗುಲಿತು, ಜಾರಿತು, ಮತ್ತೆ ತಗುಲಿತು. ಹಗ್ಗ ಸಣ್ಣಗೆ ಅಲ್ಲಾಡಿತು, ಬಾಗಿಲ ತಗಡು ಗಡಗಡಿಸಿತು.

"ಯಾರೇ ಅದು, ತರಕಾರಿಯವನಾ? ಸ್ವಲ್ಪ ನಿಲ್ಲೋಕೆ ಹೇಳು, ಬಂದೆ!" ಒಳಗಿನಿಂದ ಚಿಕ್ಕಮ್ಮ ಗಂಟಲು ಹರಿಯುವಂತೆ ಕೂಗಿದಳು.

ತಂತಿ ತಟಕ್ಕನೆ ಹಿಂದೆ ಸರಿದು ಮಾಯವಾಯಿತು. ಬಾಗಿಲಿನ ಕೆಳಗೆ ಬೂಟುಗಳ ನೆರಳು ಒಂದು ಕ್ಷಣ ನಿಂತು, ಅವಸರವೇ ಇಲ್ಲದೆ ನಡೆದುಹೋಯಿತು. ಆ ಅವಸರವಿಲ್ಲದ ನಡಿಗೆಯೇ ಅವಳನ್ನು ಹೆಚ್ಚು ಹೆದರಿಸಿತು.

ಅಂದೇ ಬಾಗಿಲಿಗೆ ಸರಪಳಿ ಬಿಗಿದು ಬೀಗ ಜಡಿದಳು. ಆದರೆ ಗ್ಯಾರೇಜಿನ ತುಂಬ ಫೋಮು, ಅಂಟು, ಬಟ್ಟೆ. ಒಂದು ಕಿಡಿ ಸಾಕು, ಇದನ್ನು ಬಿಟ್ಟರೆ ಮನೆಗೆ ಬೇರೆ ಬಾಗಿಲಿಲ್ಲ. ಚಿಕ್ಕಮ್ಮ ಸರಪಳಿಯನ್ನು ಮುಟ್ಟಿ ನೋಡಿ, "ಅವನು ಒಳಗೆ ಬರ್ಬಾರ್ದು, ಸರಿ. ನಾವು ಹೊರಗೆ ಹೋಗೋದು ಬೇಡ್ವಾ ಮಗಳೇ? ಇಲಿಗೆ ಹೆದರಿ ಬೋನಿನೊಳಗೆ ನಾವೇ ಕೂತ್ಕೊಂಡ ಹಾಗಾಯ್ತು" ಅಂದಳು. ಆ ಮಾತು ಅವಳಿಗೆ ನಾಟಿತು. ಅಂಗಡಿಗೆ ಹೊರಟಳು.

ಬಾಗಿಲು-ಮೋಟಾರುಗಳ ಅಂಗಡಿಯ ಸೇಲ್ಸಿನವನು ಇಸ್ತ್ರಿ ಮಾಡಿದ ಅಂಗಿಯಂತೆಯೇ ನುಣುಪಾಗಿ ಮಾತಾಡುತ್ತಿದ್ದ.

"ಇದು ನೋಡಿ ಮೇಡಂ, ಹೊಸ ಮಾಡೆಲ್. ಕ್ಯಾಮೆರಾ ಇದೆ, ಮಾತಾಡಿದ್ರೆ ಕೇಳಿಸ್ಕೊಳ್ಳತ್ತೆ. ನೀವು ಯಾವ ದೇಶದಲ್ಲಿದ್ರೂ ಅಲ್ಲಿಂದಲೇ ಬಾಗಿಲು ತೆಗೀಬಹುದು."

"ನಾನು ಎಲ್ಲಿಗೂ ಹೋಗಲ್ಲ. ಫೋನಿಗೆ ಸೇರಿಸದೇ ಇರೋದು ಕೊಡಿ."

"ಸೇರಿಸಬೇಡಿ, ಅಷ್ಟೇ. ಸೌಕರ್ಯ ಇರತ್ತೆ, ಬೇಕಾದಾಗ ಬಳಸ್ಕೋಬಹುದು."

"ಸೌಕರ್ಯವೇ ಇರಬಾರದು."

ಅವನು ನಕ್ಕ. "ಎಲ್ಲರೂ ಮುಂದಕ್ಕೆ ಹೋಗ್ತಿದ್ರೆ ನೀವು ಹಿಂದಕ್ಕೆ ಹೋಗ್ತೀನಿ ಅಂತೀರಲ್ಲ ಮೇಡಂ. ಮನೇಲಿ ಯಜಮಾನರನ್ನ ಒಂದು ಮಾತು ಕೇಳಿ ಬನ್ನಿ, ಇಂಥದ್ದೆಲ್ಲ ಅವರಿಗೆ ಗೊತ್ತಿರತ್ತೆ."

ಅವಳ ಬೆರಳುಗಳು ಗಾಜಿನ ಮೇಜಿನ ಅಂಚನ್ನು ಹಿಡಿದುಕೊಂಡವು. ಈ ಮಾತನ್ನು ಅವಳು ಗಿರಾಕಿಗಳಿಗೆ ಹೇಳಿರಲಿಲ್ಲ, ನೆರೆಯವರಿಗೂ ಹೇಳಿರಲಿಲ್ಲ. ಇಲ್ಲಿ, ಗುರುತಿಲ್ಲದವನ ಮುಂದೆ, ಬಾಯಿಂದ ಅದು ತಾನಾಗಿ ಉದುರಿತು.

"ಅವರಿಗೆ ಗೊತ್ತಿರೋದೇ ತೊಂದರೆ. ಅವರು ಬರಬಾರದು ಅಂತಲೇ ಬಾಗಿಲು ಸರಿ ಮಾಡಿಸ್ತಿರೋದು."

ಸೇಲ್ಸಿನವನ ನಗು ಮುಖದಿಂದ ಜಾರಿತು. ಆಮೇಲೆ ಹೊಸ ಮಾಡೆಲಿನ ಕಾಗದ ಮಡಚಿಟ್ಟು, ದನಿ ತಗ್ಗಿಸಿ, "ಬನ್ನಿ ಅಕ್ಕ, ಹಿಂದಗಡೆ ಒಂದಿದೆ" ಅಂದ. ಮೇಡಂ ಹೋಗಿ ಅಕ್ಕ ಆದದ್ದು ಅವನಿಗೇ ತಿಳಿಯಲಿಲ್ಲವೇನೋ.

ಅದೊಂದು ಬೂದು ಬಣ್ಣದ ಪುಟ್ಟ ಪೆಟ್ಟಿಗೆ. ಚಾವಣಿಗೆ ತೂಗುವಂಥದ್ದಲ್ಲ, ಬಾಗಿಲಿನ ಪಕ್ಕದ ಗೋಡೆಗೆ ಬಿಗಿಯುವಂಥದ್ದು. ಬಾಗಿಲಿನ ನೆತ್ತಿಯ ಮೇಲೆ ಸ್ಪ್ರಿಂಗು ಸುತ್ತಿಕೊಂಡ ರಾಡು ಇರುತ್ತದಲ್ಲ, ಅದರ ತುದಿ ಹಿಡಿದು ತಿರುಗಿಸುತ್ತದೆ. ಚೈನಿಲ್ಲ, ತಲೆಯ ಮೇಲೆ ಕಂಬಿಯಿಲ್ಲ.

"ಹೊರಗಿಂದ ತಂತಿ ಹಾಕಿದ್ರೆ?" ಎಂದಳು.

"ಹಗ್ಗ ಬಾಗಿಲ ಹತ್ತಿರ ಇರಲ್ಲ, ಗೋಡೆ ಪಕ್ಕ ಇರತ್ತೆ. ತಂತಿಗೆ ಸಿಗಲ್ಲ. ಅದೂ ಅಲ್ದೆ ಬಾಗಿಲು ಮುಚ್ಚಿದ ಕೂಡಲೇ ಒಂದು ಚಿಲಕ ಅಡ್ಡ ಬೀಳತ್ತೆ. ಹೊರಗಿಂದ ಎಷ್ಟು ಎತ್ತಿದ್ರೂ ಬರಲ್ಲ."

"ಕರೆಂಟ್ ಹೋದ್ರೆ? ಒಳಗೆ ಬೆಂಕಿ ಬಿದ್ರೆ?"

"ಬ್ಯಾಟರಿ ಇದೆ. ಅದೂ ಸತ್ತರೆ ಚಿಲಕ ಕೈಯಲ್ಲಿ ಸರಿಸಿ, ಹಗ್ಗ ಎಳೆದು, ಬಾಗಿಲು ಎತ್ತಿ. ಒಳಗಿದ್ದವರಿಗೆ ಸಲೀಸು, ಹೊರಗಿದ್ದವರಿಗೆ ಇಲ್ಲ."

ಅವಳು ಎಲ್ಲವನ್ನೂ ಇನ್ನೊಮ್ಮೆ ಕೇಳಿದಳು. ಆಮೇಲೆ ಮತ್ತೊಮ್ಮೆ. ಅವನು ಬೇಸರಿಸದೆ ಹೇಳಿದ. ಒಂದು ಬಟನ್, ಒಂದು ರಿಮೋಟು, ಒಂದು ಚಿಲಕ, ಇಷ್ಟೇ ಇದ್ದ ಆ ಪೆಟ್ಟಿಗೆಯನ್ನು ಅವಳು ಎತ್ತಿ ತೂಗಿ ನೋಡಿದಳು. ತನ್ನ ಜೀವ ಇದರ ಕೈಯಲ್ಲಿ ಎಂದುಕೊಂಡು ಪರ್ಸು ತೆರೆದಳು.

ಮೋಟಾರು ಹಾಕಲು ಬಂದ ಫಿಟ್ಟರಮ್ಮ ಅಗಲ ಭುಜದ, ಮಾತು ಕಡಿಮೆಯ ಹೆಂಗಸು. ಬಂದವಳೇ ಹಳೆಯದನ್ನು ಬಿಡಿಸಿ, ಬಾಗಿಲನ್ನು ಅರ್ಧಕ್ಕೆ ಎತ್ತಿ ಕೈಬಿಟ್ಟಳು. ಬಾಗಿಲು ದಡ್ಡನೆ ಕುಸಿಯಿತು. ಕುಶನ್ ಅಕ್ಕ ಗೋಡೆಗೆ ಅಂಟಿಕೊಂಡಳು.

"ಸ್ಪ್ರಿಂಗ್ ಸೋತಿದೆ. ಇದನ್ನ ಬದಲಾಯಿಸದೆ ಎಂಥ ಮೋಟಾರು ಹಾಕಿದ್ರೂ ಮಲಗಿದ ಎಮ್ಮೆ ಎಬ್ಬಿಸಿದ ಹಾಗೇ. ದೂರ ನಿಲ್ಲಿ."

ಸ್ಪ್ರಿಂಗು ಬಿಗಿಯುವಾಗ ಅದು ನರಳುವ ಸದ್ದಿಗೆ ಚಿಕ್ಕಮ್ಮ ಕೂಡ ಬಾಯಿ ಮುಚ್ಚಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಬಾಗಿಲು ಅರ್ಧದಲ್ಲಿ ಬಿಟ್ಟರೆ ಅರ್ಧದಲ್ಲೇ ನಿಂತಿತು. ಬಟನ್ ಒತ್ತಿದರೆ ಸದ್ದೇ ಇಲ್ಲದೆ ಏರಿತು, ಇಳಿಯಿತು, ಕೊನೆಗೆ ಟಕ್ ಎಂದು ಚಿಲಕ ಬಿತ್ತು. ಫಿಟ್ಟರಮ್ಮ ಹಗ್ಗ, ಚಿಲಕ ಎರಡನ್ನೂ ಇಬ್ಬರ ಕೈಯಲ್ಲೂ ಎಳೆಸಿ, ಸರಿಸಿ ನೋಡಿಯೇ ಹೊರಟಳು.

ಅವನು ಬಂದದ್ದು ಅದಾದ ವಾರದೊಳಗೆ, ಹಾಡುಹಗಲಲ್ಲಿ.

ಚಿಕ್ಕಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ಅವಳು ಹೋಗುವುದನ್ನು ಅವನು ಕಾದಿದ್ದನೆಂದು ಆಮೇಲೆ ತಿಳಿಯಿತು. ಕುಶನ್ ಅಕ್ಕ ಸೋಫಾದ ಬೆನ್ನಿಗೆ ಬಟ್ಟೆ ಎಳೆದು ಹಿಡಿದಿದ್ದಾಗ ಹೊರಗಿನಿಂದ ಪರಿಚಿತ ದನಿ ಬಂತು.

"ಏನೇ, ಹೊಸ ಮೋಟಾರಂತೆ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ? ತೆಗಿ, ಎರಡು ಮಾತಾಡಿ ಹೋಗ್ತೀನಿ."

ಹೊರಗೆ ಕ್ಲಿಕ್, ಕ್ಲಿಕ್ ಎಂಬ ಸದ್ದು. ಫೋನಿನಲ್ಲಿ ಬೆರಳಾಡಿಸುತ್ತಿದ್ದಾನೆ. ಗೋಡೆಯ ಪೆಟ್ಟಿಗೆ ಮಿಸುಕಲಿಲ್ಲ. ಆಮೇಲೆ ತಂತಿ ಬಂತು. ಸಂದಿಯಿಂದ ಇಣುಕಿ, ಹಗ್ಗವಿದ್ದ ಕಡೆಯ ಖಾಲಿ ಗಾಳಿಯಲ್ಲಿ ತಡಕಾಡಿತು. ಅತ್ತ, ಇತ್ತ, ಮತ್ತೆ ಅತ್ತ. ಈಗ ಅವನ ದನಿಯ ಸಕ್ಕರೆ ಕರಗಿತ್ತು.

"ಒಳಗಿದೀಯ ಅಂತ ಗೊತ್ತು ನಂಗೆ!"

ಬಾಗಿಲಿನ ಅಡಿಗೆ ಬೆರಳು ತೂರಿಸಿ ಮೇಲಕ್ಕೆ ಎಳೆದ. ಇಡೀ ಬಾಗಿಲು ಗಡಗಡನೆ ನಡುಗಿತು. ಅದು ಬೆರಳಷ್ಟು ಮೇಲೆದ್ದಾಗ ಅವಳ ಜೀವ ಬಾಯಿಗೆ ಬಂತು. ಆದರೆ ಅಷ್ಟೇ. ಅಷ್ಟಕ್ಕೇ ಚಿಲಕ ತಡೆದು ಹಿಡಿಯಿತು. ಅವನು ಒದ್ದ. ಮತ್ತೆ ಎಳೆದ. ಬಾಗಿಲು ನಡುಗುತ್ತಿತ್ತು, ಅವಳು ನಡುಗುತ್ತಿದ್ದಳು, ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೋ ಎಂಬಂತೆ.

ಫೋನು ಎಲ್ಲಿದೆಯೆಂದು ಅವಳಿಗೆ ತೋಚಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಜೇಬಿನಲ್ಲೇ ಇತ್ತು. ಠಾಣೆಗೆ ಹಚ್ಚಿದಳು. ದನಿ ಬಂತು, ಒಡಕಾಗಿ, ಆದರೂ ಬಂತು. "ಬಂದಿದಾನೆ. ಬಾಗಿಲು ಮುರೀತಿದಾನೆ. ಕೋರ್ಟ್ ಆರ್ಡರ್ ಇದೆ." ವಿಳಾಸ ಹೇಳುವಾಗ ಬೇಕೆಂದೇ ಗಟ್ಟಿಯಾಗಿ ಹೇಳಿದಳು, ಹೊರಗಿದ್ದವನಿಗೂ ಕೇಳಲಿ ಎಂದು.

ಬಾಗಿಲಿನ ಅಡಿಯಿಂದ ಬೆರಳುಗಳು ಹಿಂದೆ ಸರಿದವು. ಆಮೇಲೆ ಟೈರ್ ಅಂಗಡಿಯವನ ದೊಡ್ಡ ಗಂಟಲು: "ಯಾರ್ರೀ ಅದು? ಏನ್ ಮಾಡ್ತಿದೀರಾ ಅಲ್ಲಿ?" ಓಡುವ ಹೆಜ್ಜೆಯ ಸದ್ದು. ಸಂದಿಯಲ್ಲಿ ಸಿಕ್ಕಿಕೊಂಡ ತಂತಿ ಮಾತ್ರ ಅಲ್ಲೇ ತೂಗುತ್ತ ಉಳಿಯಿತು.

ಹಿಂದಿನ ಸಲದ ಪೊಲೀಸಿನವನೇ ಬಂದ. ತಂತಿ ನೋಡಿದ, ಬಾಗಿಲಿನ ಮೇಲಿನ ಬೂಟಿನ ಗುರುತು ನೋಡಿದ, ಟೈರ್ ಅಂಗಡಿಯವನು ಕಂಡದ್ದನ್ನು ಕೇಳಿದ. ಈ ಸಲ ತಲೆ ಕೆರೆದುಕೊಳ್ಳಲಿಲ್ಲ. ಅಂದು ಸಂಜೆಯೊಳಗೆ ಗಂಡನನ್ನು ಬಸ್ ನಿಲ್ದಾಣದಲ್ಲಿ ಹಿಡಿದರೆಂದು ಸುದ್ದಿ ಬಂತು. ಕೆಲವು ತಿಂಗಳು ಒಳಗಿದ್ದು, ಆಮೇಲೆ ದೂರದ ಯಾವುದೋ ಊರು ಸೇರಿದನಂತೆ.

ಸುದ್ದಿ ಬಂದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಹಾವು ಹೋದರೂ ಹುತ್ತದ ಮೇಲಿನ ಕಣ್ಣು ಹೋಗುವುದಿಲ್ಲ. ಬಟನ್ ಒತ್ತುವ ಮುನ್ನ ಅವಳು ಈಗಲೂ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಗಿರಾಕಿಗಳು ಬಂದಾಗ ಮೊದಲು ಹೆಸರು ಕೇಳಿ, ಆಮೇಲೆ ಬೂಟುಗಳ ನೆರಳು ನೋಡಿ, ಕೊನೆಗೆ ತೆರೆಯುತ್ತಿದ್ದಳು.

ಬೇಸಿಗೆ ಬಲಿತ ಒಂದು ದಿನ ಅಂಟಿನ ವಾಸನೆ ಒಳಗೆಲ್ಲ ತುಂಬಿ ತಲೆ ಸಿಡಿಯತೊಡಗಿತು. ಚಿಕ್ಕಮ್ಮ ಕೆಮ್ಮಿದಳು, ಬೈದಳು, ಸೆರಗಿನಿಂದ ಗಾಳಿ ಬೀಸಿಕೊಂಡಳು.

"ತೆಗೀಲಾ?" ಎಂದಳು ಕುಶನ್ ಅಕ್ಕ.

"ನಿನ್ನ ಮನೆ, ನಿನ್ನ ಬಾಗಿಲು. ನನ್ನನ್ನೇನು ಕೇಳ್ತೀಯ?"

ಒತ್ತಿದಳು. ಬಾಗಿಲು ಸದ್ದಿಲ್ಲದೆ ಏರಿತು. ಬಿಸಿಲು, ಧೂಳು, ಎದುರಿನ ಅಂಗಡಿಯ ರೇಡಿಯೋ ಒಟ್ಟಿಗೇ ಒಳನುಗ್ಗಿದವು. ಮುಚ್ಚಿಬಿಡಬೇಕೆಂದು ಬೆರಳು ಮತ್ತೆ ಬಟನ್ನಿನ ಮೇಲೆ ಹೋಗಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಇನ್ನೂ ಬಟ್ಟೆ ಹೊದಿಸದ ಸೋಫಾವನ್ನು ಹೊಸ್ತಿಲವರೆಗೆ ತಳ್ಳಿ, ಅದರ ಮೇಲೆ ಪಟ್ಟಾಗಿ ಕುಳಿತು, ಹೋಗಿಬರುವವರನ್ನೆಲ್ಲ ಠಾಣೆಯ ಪಹರೆಯವಳ ಹಾಗೆ ದುರುಗುಟ್ಟಿ ನೋಡತೊಡಗಿದಳು.

ಕುಶನ್ ಅಕ್ಕ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಸುತ್ತಿಗೆ ಹುಡುಕಿ, ಬೀದಿಗೆ ಮುಖಮಾಡಿ ಕುಳಿತು, ಕೆಲಸಕ್ಕೆ ತೊಡಗಿದಳು.