ಆರು ಸ್ಪೀಕರ್, ಮನೆಯ ಆಂಪ್ಲಿಫೈಯರ್

ಹಲ್ಲು ಕೊರೆಯುವ ಡ್ರಿಲ್ಲಿನ ಕೀರಲು ದನಿ ಕೇಳಿಸಿತೋ, ಹೊರಗೆ ಕಾಯುತ್ತಿರುವವರ ಅರ್ಧ ನೋವು ಅಲ್ಲೇ ವಾಸಿಯಾಗಿ, ಅವರು ಮನೆ ದಾರಿ ಹಿಡಿಯುತ್ತಾರೆ. ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಸ್ವಂತ ಕ್ಲಿನಿಕ್ ತೆರೆದ ಮೊದಲ ದಿನವೇ ಹಾಗಾದರೆ ನನ್ನ ಕಥೆ ಮುಗಿಯಿತು. ಅದಕ್ಕೇ ಆ ದನಿಯನ್ನು ಸಂಗೀತದಲ್ಲಿ ಮುಚ್ಚಲು ಚಾವಣಿಗೆ ಸ್ಪೀಕರ್ ಬೇಕೆಂದು ಹಟ ಹಿಡಿದೆ. ರೋಗಿಗಳು ಕಾಯುವ ಹಾಲ್‌ನಲ್ಲಿ ನಾಲ್ಕು, ಒಳಗೆ ನಾನು ಕೆಲಸ ಮಾಡುವಲ್ಲಿ ಎರಡು. ನಡುವೆ ಇದ್ದದ್ದು ಬರೀ ಪ್ಲೈವುಡ್ ಗೋಡೆ.

ಕೈಯಲ್ಲಿದ್ದುದೆಲ್ಲ ರೋಗಿಯ ಕುರ್ಚಿಗೇ ಸುರಿದಾಗಿತ್ತು. ಹೊಸ ಆಂಪ್ಲಿಫೈಯರ್ ಎಂದು ಬಾಯಿ ಬಿಡುವಷ್ಟರಲ್ಲಿ ನಮ್ಮ ಯಜಮಾನರು ಮನೆಯ ಟಿವಿ ಪಕ್ಕದಲ್ಲಿದ್ದುದನ್ನೇ ಹೊತ್ತು ತಂದು, ತಾವೇ ವೈರು ಎಳೆದರು. ಮೈಕ್ ಸೆಟ್ ಬಾಡಿಗೆಗೆ ಕೊಡುವ ನನ್ನ ತಮ್ಮ ಅದನ್ನು ನೋಡಿ ತಲೆ ಚಚ್ಚಿಕೊಂಡ.

“ಭಾವ, ಇದೊಂದಕ್ಕೇ ಆರು ಸ್ಪೀಕರ್ ಕಟ್ಟಿದೀರಲ್ಲ! ಪಾಪ, ಅದು ನಾಲ್ಕರ ಮೇಲೆ ಎಳೆಯೋ ಎತ್ತಲ್ಲ. ಕಾದು ಕಾದು ತಾನೇ ಆಫ್ ಆಗ್ಬಿಡತ್ತೆ.”

“ಹೆದರಿಸ್ಬೇಡಪ್ಪ. ನಿನ್ನೆಯಿಂದ ಹಾಡ್ತಾನೇ ಇದೆ.”

“ಮೆಲ್ಲಗೆ ಹಾಡ್ತಿದೆ. ಡ್ರಿಲ್ ಮುಚ್ಚೋಷ್ಟು ಜೋರು ಮಾಡಿ ನೋಡಿ.”

ಅವರು ನೋಡಲಿಲ್ಲ. ಅವರ ಮೊಂಡುತನಕ್ಕೆ ಮದ್ದಿಲ್ಲ.

ಮೊದಲ ದಿನ ಬೆಳಿಗ್ಗೆ ಹಾಲ್‌ನಲ್ಲಿ ಐದಾರು ಜನ ಬಂದು ಕೂತರು. ಮೊದಲನೆಯವರು ದಪ್ಪ ಮೀಸೆಯ ಬಸ್ ಡ್ರೈವರ್. ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು ಡ್ರಿಲ್ ಶುರುಮಾಡಿದೆ. ಮೇಲೆ ಕೊಳಲು ಜೋರಾಗಿತ್ತು. ಕಣ್ಣು ಹಲ್ಲಿನ ಮೇಲಿದ್ದರೂ ಜೀವವೆಲ್ಲ ಚಾವಣಿಯಲ್ಲಿತ್ತು.

ಹಲ್ಲು ಅರ್ಧ ಕೊರೆದಿದ್ದೆ. ಕೊಳಲು ಟಪ್ಪೆಂದು ನಿಂತಿತು. ಕೀರಲು ದನಿಯೊಂದೇ ಇಡೀ ಕ್ಲಿನಿಕ್ಕಿಗೆ ಕೇಳಿಸಿತು. ಡ್ರಿಲ್ ನಿಲ್ಲಿಸಿದೆ. ಪ್ಲೈವುಡ್ಡಿನಾಚೆ ಕುರ್ಚಿ ಸರಿಯಿತು, ಬಾಗಿಲು ಬಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಾಗಿಲು. ನನಗೆ ಅಳುವೇ ಬಂತು.

“ರೀ!” ಎಂದು ಕೂಗಿದೆ.

“ಮುಟ್ಟೋಕಾಗ್ತಿಲ್ಲ ಕಣೇ, ಕಾದ ಹೆಂಚಾಗಿದೆ!” ಯಜಮಾನರು ಆಚೆಯಿಂದಲೇ ಕೂಗಿದರು. “ತಡಿ, ನಿನ್ನ ರೂಮಿನ ಎರಡನ್ನೂ ಕಿತ್ತುಹಾಕ್ತೀನಿ. ಹಾಲಿನ ನಾಲ್ಕು ಹಾಡಿದ್ರೆ ಸಾಕು.”

ಆಂಪ್ಲಿಫೈಯರ್ ತಣ್ಣಗಾಗುವವರೆಗೆ ಫೈಲ್ ಹಿಡಿದು ಗಾಳಿ ಬೀಸಿದರಂತೆ. ಕೊನೆಗೂ ಆಚೆ ಕೊಳಲು ಕೇಳಿಸಿತು. ಉಳಿದವರು ಕೂತಲ್ಲೇ ಇದ್ದರು.

ನನ್ನ ತಲೆಯ ಮೇಲಿನ ಸ್ಪೀಕರುಗಳು ಮಾತ್ರ ಮೂಕವಾಗಿದ್ದವು. ಡ್ರಿಲ್ ಎತ್ತಿಕೊಂಡರೆ ಅದರ ಸದ್ದು ನನಗೇ ಭಯ ಹುಟ್ಟಿಸಿತು. ಆಸ್ಪತ್ರೆಯಲ್ಲಾದರೆ ಬೆನ್ನ ಹಿಂದೆ ಹಿರಿಯ ಡಾಕ್ಟರು ಇರುತ್ತಿದ್ದರು. ಇಲ್ಲಿ ತಪ್ಪಿದರೆ ತಿದ್ದುವವರು ಯಾರೂ ಇರಲಿಲ್ಲ.

ಡ್ರೈವರ್ ಕೈ ಎತ್ತಿದರು. ನೋವಾಯಿತೇನೋ ಎಂದು ಗಾಬರಿಯಿಂದ ಡ್ರಿಲ್ ಹೊರತೆಗೆದೆ.

“ನೋವೇನಿಲ್ಲ ಡಾಕ್ಟ್ರೇ,” ಎಂದರು ಜೋಮು ಹಿಡಿದ ತುಟಿಯಲ್ಲೇ ತೊದಲುತ್ತ. “ನಿಮ್ಮ ಕೈ ನಡುಗ್ತಿದೆ. ಸ್ವಲ್ಪ ಸುಧಾರಿಸ್ಕೊಳ್ಳಿ. ನಾನೆಲ್ಲೂ ಎದ್ದು ಹೋಗಲ್ಲ.”